ಎರಡು ಸೆಕೆಂಡಿನ ಮೌನ ಯಾರದು?

ಹರಿಹರದಲ್ಲಿರುವ ನನ್ನ ಸೋದರಮಾವನ ಬಳಿ ಇನ್ನೂರಕ್ಕೂ ಹೆಚ್ಚು ಸಿಡಿಗಳಿವೆ, ಜೊತೆಗೆ ಒಂದು ನೋಟ್‌ಬುಕ್ಕಿದೆ. ಸಿಡಿಗಳಲ್ಲಿ ಹಿಂದೂಸ್ತಾನಿ ಗಾಯನ, ವಚನ, ಭಾವಗೀತೆ, ರಂಗಗೀತೆ. ನೋಟ್‌ಬುಕ್ಕಿನಲ್ಲಿ ಬರೀ ಅಂಕಿಗಳು: ಯಾವ ಹಾಡು ಎಷ್ಟು ನಿಮಿಷ, ಎಷ್ಟು ಸೆಕೆಂಡು. ಮಾವ ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ದುಡಿದವರು. ಅಳತೆ ಗೊತ್ತಿಲ್ಲದ ವಸ್ತು ಮನೆಯಲ್ಲಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಹಾಡಿಗೂ ಅದೇ ನಿಯಮ.

ಈ ಬೇಸಿಗೆಯಲ್ಲಿ ಅವರ ಸಿಡಿ ಪ್ಲೇಯರ್ ಕೈಕೊಟ್ಟಿತು. ರಿಪೇರಿ ಮಾಡುವವರು ದಾವಣಗೆರೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅತ್ತೆ ಫೋನ್ ಮಾಡಿ, "ಎಲ್ಲಾನೂ ಒಂದು ಪೆನ್‌ಡ್ರೈವಿಗೆ ಹಾಕಿಕೊಡಪ್ಪ, ಈ ಡಬ್ಬಿಗಳನ್ನ ಗುಜರಿಯವನಿಗೆ ಕೊಟ್ಟು ಅಲಮಾರು ಖಾಲಿ ಮಾಡ್ತೀನಿ" ಎಂದರು. ಹಾಗೆ ಶುರುವಾಯಿತು ನನ್ನ ಭಾನುವಾರಗಳ ಹರಿಹರ ಯಾತ್ರೆ. ಲ್ಯಾಪ್‌ಟಾಪು, ಒಂದು ಸಿಡಿ ಡ್ರೈವು ಚೀಲಕ್ಕೆ ಹಾಕಿಕೊಂಡು ದಾವಣಗೆರೆಯಲ್ಲಿ ಬಸ್ಸು ಹತ್ತುವುದು, ಸಂಜೆಯವರೆಗೆ ಒಂದೊಂದೇ ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವುದು.

ಮೂರನೆಯ ಭಾನುವಾರ ಮಾವ ನೋಟ್‌ಬುಕ್ ಹಿಡಿದು ಪಕ್ಕಕ್ಕೆ ಬಂದು ಕೂತರು.

"ಇಲ್ನೋಡಪ್ಪ. ಈ ಖ್ಯಾಲು ನನ್ನ ಬುಕ್‌ನಾಗೆ 27:41 ಐತೆ. ಕವರ್ ಮೇಲೂ ಅಷ್ಟೇ ಐತೆ. ನಿನ್ನ ಕಂಪ್ಯೂಟರ್ 27:45 ಅಂತೈತೆ. ನಾಕು ಸೆಕೆಂಡು ಎಲ್ಲಿಂದ ಬಂದ್ವು?"

"ಅಷ್ಟು ವ್ಯತ್ಯಾಸ ಇದ್ದೇ ಇರುತ್ತೆ ಮಾವ, ಬಿಡಿ" ಎಂದೆ.

"ಇದ್ದೇ ಇರುತ್ತೆ ಅಂದ್ರೆ ಅದಕ್ಕೊಂದು ಕಾರಣಾನೂ ಇರ್ಬೇಕಲ್ಲ."

ಆ ಕಾರಣ ಹುಡುಕುತ್ತ ಹೋದವನು, ಎರಡು ವರ್ಷದ ಹಿಂದೆ ನಾನೇ ಬರೆದು ವೇದಿಕೆಯ ಮೇಲೆ ಓದಿದ್ದ ಒಂದು ವಿಮರ್ಶೆಯನ್ನು ಹಿಂತೆಗೆದುಕೊಳ್ಳಬೇಕಾಗಿ ಬಂತು. ಈ ಲೇಖನ ಅದರ ಲೆಕ್ಕ.

*

ಮೊದಲು ನಿರಪರಾಧಿ ಸೆಕೆಂಡುಗಳ ವಿಷಯ.

ಸಿಡಿ ಸಮಯವನ್ನು ನಿಮಿಷ, ಸೆಕೆಂಡು, ಫ್ರೇಮು ಎಂದು ಲೆಕ್ಕ ಇಡುತ್ತದೆ. ಒಂದು ಸೆಕೆಂಡಿಗೆ 75 ಫ್ರೇಮುಗಳು. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿರುವುದರಿಂದ ಒಂದು ಫ್ರೇಮಿಗೆ 588 ಅಳತೆಗಳು ಬರುತ್ತವೆ. ಸಿಡಿಯ ಒಳ ಅಂಚಿನಲ್ಲಿ ಒಂದು ಪರಿವಿಡಿ ಇರುತ್ತದೆ. ಪುಸ್ತಕದ ಪರಿವಿಡಿಯಂತೆ ಅದೂ ಯಾವ ಹಾಡು ಎಲ್ಲಿ ಶುರುವಾಗುತ್ತದೆ ಎಂದಷ್ಟೇ ಹೇಳುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹೇಳುವುದಿಲ್ಲ. 12ನೇ ಪುಟದಲ್ಲಿ ಒಂದು ಕಥೆ, 31ನೇ ಪುಟದಲ್ಲಿ ಮುಂದಿನದು ಎಂದಿದ್ದರೆ ಮೊದಲನೆಯದು 19 ಪುಟ ಎಂದು ನಾವು ಲೆಕ್ಕ ಹಾಕುತ್ತೇವಲ್ಲ, ಕಂಪ್ಯೂಟರು ಮಾಡುವುದೂ ಅದನ್ನೇ. ನಡುವೆ ಒಂದು ಖಾಲಿ ಪುಟ ಇದ್ದರೆ ಅದೂ ಮೊದಲ ಕಥೆಯ ಖಾತೆಗೇ ಬೀಳುತ್ತದೆ.

ಸಿಡಿಯಲ್ಲೂ ಹಾಡು ಹಾಡಿನ ನಡುವೆ ಇಂಥ ಖಾಲಿ ಪುಟಗಳಿರಬಹುದು. ಹಳೆಯ ಪ್ಲೇಯರ್‌ಗಳಲ್ಲಿ ಒಂದು ಹಾಡು ಮುಗಿದ ಮೇಲೆ ಅಂಕಿ ಮೈನಸ್ ಎರಡು, ಮೈನಸ್ ಒಂದು ಎಂದು ಸೊನ್ನೆಗೆ ಬಂದು, ಆಮೇಲೆ ಮುಂದಿನ ಹಾಡು ಶುರುವಾಗುತ್ತಿದ್ದುದನ್ನು ಕೆಲವರಾದರೂ ನೋಡಿರುತ್ತೀರಿ. ಕವರಿನ ಮೇಲೆ ಅಚ್ಚಾದ ಅವಧಿಯಲ್ಲಿ ಆ ಬಿಡುವು ಸೇರದೇ ಇರಬಹುದು. ಕಂಪ್ಯೂಟರಿಗೆ ಇಳಿಸುವಾಗ ಅದು ಸಾಮಾನ್ಯವಾಗಿ ಹಿಂದಿನ ಹಾಡಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಮಾವನ 27:41 ನನ್ನಲ್ಲಿ 27:45 ಆದದ್ದು ಹೀಗೆ. ಬಿಡುವನ್ನು ಮುಂದಿನ ಹಾಡಿನ ತಲೆಗೆ ಸೇರಿಸುವ, ಇಲ್ಲವೇ ಪೂರ್ತಿ ಕೈಬಿಡುವ ಅವಕಾಶ ಕೊಡುವ ತಂತ್ರಾಂಶಗಳೂ ಇವೆ. ಹಾಗಾಗಿ ಒಂದೇ ಸಿಡಿಯನ್ನು ಇಬ್ಬರು ಇಳಿಸಿಕೊಂಡರೆ ಎರಡು ಅವಧಿಗಳು ಸಿಗುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಕಾರಣ ತೀರಾ ಸರಳ. 5 ನಿಮಿಷ 12 ಸೆಕೆಂಡು 60 ಫ್ರೇಮಿನ ಹಾಡನ್ನು ಒಂದು ತಂತ್ರಾಂಶ ಚೂರುಪಾರು ಬಿಟ್ಟು 5:12 ಎನ್ನುತ್ತದೆ, ಮತ್ತೊಂದು ಮೇಲಕ್ಕೆ ಏರಿಸಿ 5:13 ಎನ್ನುತ್ತದೆ. ಹಾಡು ಮಾತ್ರ ಅಲ್ಲೇ ಇದೆ.

ಎಂಪಿ3 ಮಾಡಿದಾಗ ಬೇರೆ ತರಹ. ಅದು ಧ್ವನಿಯನ್ನು 1152 ಅಳತೆಗಳ ಕಂತೆಗಳಾಗಿ ಕಟ್ಟುತ್ತದೆ. ಒಂದು ಕಂತೆ ಎಂದರೆ ಸೆಕೆಂಡಿನ ಸುಮಾರು 38ನೇ ಒಂದು ಭಾಗ. ಯಾವ ಹಾಡೂ ಸರಿಯಾಗಿ ಕಂತೆಯ ಅಂಚಿಗೆ ಬಂದು ಮುಗಿಯುವುದಿಲ್ಲ. ಭತ್ತದ ಕೊನೆಯ ಚೀಲ ಅರ್ಧವೇ ತುಂಬಿದರೂ ಲಾರಿಯವನ ಎಣಿಕೆಯಲ್ಲಿ ಅದು ಒಂದು ಚೀಲವೇ ಅಲ್ಲವೆ? ಹಾಗೆ ಕೊನೆಯ ಕಂತೆಯಲ್ಲಿ ಉಳಿದ ಜಾಗಕ್ಕೆ ಮೌನ ತುಂಬಲಾಗುತ್ತದೆ. ಹಾಡಿನ ತಲೆಯಲ್ಲೂ ಸ್ವಲ್ಪ ಮೌನ ಸೇರುತ್ತದೆ, ಏಕೆಂದರೆ ಆ ವಿಧಾನ ಕೆಲಸ ಮಾಡುವುದೇ ಹಾಗೆ. ಎಷ್ಟು ಸೇರಿಸಿದೆ ಎಂಬುದನ್ನು ಒಳ್ಳೆಯ ತಂತ್ರಾಂಶ ಕಡತದ ಆರಂಭದಲ್ಲೇ ಬರೆದಿಡುತ್ತದೆ; ಅದನ್ನು ಓದಬಲ್ಲ ಪ್ಲೇಯರು ಅಷ್ಟನ್ನು ಬಿಟ್ಟು ನುಡಿಸುತ್ತದೆ. ಓದಲಾರದ ಪ್ಲೇಯರಿನಲ್ಲಿ, ವಿಲಂಬಿತದಿಂದ ದ್ರುತ್‌ಗೆ ತಡೆಯಿಲ್ಲದೆ ಹೋಗುವ ಕಡೆ ಟ್ರ್ಯಾಕ್ ಬದಲಾದರೆ, ಎತ್ತಿನಗಾಡಿ ಕಲ್ಲು ಹತ್ತಿಳಿದಂತೆ ಒಂದು ಸಣ್ಣ ಕುಲುಕು ಕೇಳಿಸುತ್ತದೆ.

ಎಂಪಿ3ಯಲ್ಲಿ ಧ್ವನಿ ದಟ್ಟವಾದ ಕಡೆ ಹೆಚ್ಚು ಜಾಗ, ತೆಳುವಾದ ಕಡೆ ಕಡಿಮೆ ಜಾಗ ಕೊಡುವ ಬಗೆಯೂ ಒಂದಿದೆ. ಕೆಲವು ಹಳೆಯ ಪ್ಲೇಯರ್‌ಗಳು ಮೊದಲ ಕಂತೆಯ ತೂಕ ನೋಡಿ ಇಡೀ ಕಡತದ ಉದ್ದ ಊಹಿಸುತ್ತವೆ. ಹಾಡು ತಂಬೂರಿಯ ತೆಳು ನಾದದಿಂದ ಶುರುವಾದರೆ ಊಹೆ ದಿಕ್ಕು ತಪ್ಪುತ್ತದೆ. 9 ನಿಮಿಷದ ಹಾಡನ್ನು ಮಾವನ ಪೆನ್‌ಡ್ರೈವ್ ಪ್ಲೇಯರು 27 ನಿಮಿಷ ಎಂದು ತೋರಿಸಿ ಅವರನ್ನು ಒಂದು ವಾರ ಕಾಡಿತು. ಫ್ಲ್ಯಾಕ್ ಎಂಬ ಬಗೆಯಲ್ಲಿ ಈ ತೊಂದರೆಗಳಿಲ್ಲ. ಅದು ಒಂದು ಅಂಕಿಯನ್ನೂ ಕಳೆಯದೆ ಮಡಚಿಡುತ್ತದೆ. ಒಟ್ಟು ಎಷ್ಟು ಅಳತೆಗಳಿವೆ ಎಂಬುದನ್ನು ಕಡತದ ತಲೆಯಲ್ಲೇ ಬರೆದಿಡುತ್ತದೆ.

ಇದನ್ನೆಲ್ಲ ವಿವರಿಸಿದಾಗ ಮಾವ ಸುಮ್ಮನೆ ಕೇಳಿಸಿಕೊಂಡು ಹೇಳಿದರು: "ಅಂದ್ರೆ ಟಾಲರೆನ್ಸ್. ಪ್ಲಸ್ಸು ಮೈನಸ್ಸು ಬರೀದೆ ಇರೋ ಡ್ರಾಯಿಂಗು ಡ್ರಾಯಿಂಗೇ ಅಲ್ಲ. ನಾನೂ ಬರೀಬೇಕಿತ್ತು." ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ.

*

ಕನ್ನಡ ಎಂ.ಎ. ಓದಿದವರಿಗೆ ಗ್ರಂಥಸಂಪಾದನೆಯ ಪತ್ರಿಕೆ ನೆನಪಿರುತ್ತದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ನಾವು ಪರೀಕ್ಷೆಗಾಗಿ ಓದಿ ಮರೆತವರು. ಓಲೆಗರಿಯಿಂದ ಓಲೆಗರಿಗೆ ಇಳಿಯುವಾಗ ಅಕ್ಷರ ಬಿಟ್ಟುಹೋಗುತ್ತದೆ, ಸಾಲು ಎರಡು ಸಲ ಬರುತ್ತದೆ, ಲಿಪಿಕಾರ ತನಗೆ ತಿಳಿದದ್ದನ್ನು ಸೇರಿಸುತ್ತಾನೆ. ಸಂಪಾದಕ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಪಾಠಾಂತರಗಳನ್ನು ಗುರುತಿಸಿ, ಯಾವುದು ಕೈತಪ್ಪು, ಯಾವುದು ಪ್ರಕ್ಷಿಪ್ತ, ಯಾವುದು ಕವಿಯದು ಎಂದು ತೀರ್ಮಾನಿಸಬೇಕು. ಪಂಪ, ರನ್ನರ ಪದ್ಯಗಳಿಗೆ ಇಷ್ಟು ಎಚ್ಚರ ವಹಿಸುವ ನಾವು ಹಾಡಿನ ವಿಷಯಕ್ಕೆ ಬಂದಾಗ ಕೈಗೆ ಸಿಕ್ಕ ಕಡತವನ್ನೇ ಮೂಲ ಎಂದು ನಂಬಿಬಿಡುತ್ತೇವೆ. ಯಾವ ಪ್ರತಿ, ಯಾವುದರಿಂದ ಇಳಿದದ್ದು, ನಡುವೆ ಯಾರ ಕೈ ಆಡಿದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಧ್ವನಿಮುದ್ರಣದಲ್ಲಿ ಹಾಡಿನ ಉದ್ದವನ್ನು ಹಾಡುವವರು ಒಬ್ಬರೇ ನಿರ್ಧರಿಸಿದ್ದು ಯಾವತ್ತೂ ಇಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನ್ ಅವರ ಗಾಯನ ಮುದ್ರಿಸಿಕೊಂಡಾಗ ತಟ್ಟೆಯಲ್ಲಿ ಇದ್ದ ಜಾಗ ಮೂರು ನಿಮಿಷದ ಆಸುಪಾಸು. ಆಕೆ ರಾಗವನ್ನು ಆ ಜಾಗಕ್ಕೆ ಹೊಂದಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನೂ ಹೇಳಿ ಮುಗಿಸುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಲು ಆ ಘೋಷಣೆ ಬೇಕಿತ್ತು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಆ ಗಾಯಕಿಯ ಹಾಡನ್ನು ಇಂದು ಯಾರಾದರೂ 'ಶುದ್ಧ' ಮಾಡುವ ಹುಮ್ಮಸ್ಸಿನಲ್ಲಿ ಆ ಘೋಷಣೆ ಕತ್ತರಿಸಿದರೆ ಹಾಡು ನಾಲ್ಕೈದು ಸೆಕೆಂಡು ಚಿಕ್ಕದಾಗುತ್ತದೆ. ಅದರ ಜೊತೆಗೆ ಒಂದು ಕಾಲದ ಸಾಕ್ಷ್ಯವೂ ಹೋಗುತ್ತದೆ.

ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ್ದೂ ಇಂಥ ಮೂರು ನಿಮಿಷದ ತಟ್ಟೆಗಳಿಗೇ. ಮುಂದೆ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟು ಜಾಗ ಕೊಟ್ಟಿತು. 1963ರಲ್ಲಿ ಫಿಲಿಪ್ಸ್ ತಂದ ಕ್ಯಾಸೆಟ್ಟು ಬದಿಗೆ ಮೂವತ್ತು, ನಲವತ್ತೈದು ನಿಮಿಷ ಕೊಟ್ಟಿತು. ಕನ್ನಡದ ಭಾವಗೀತೆಗಳು ಮನೆಮನೆ ಸೇರಿದ್ದು ಅದರಿಂದಲೇ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂದದ್ದು 1978ರಲ್ಲಿ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯಲ್ಲಿ 74 ನಿಮಿಷ. ಹಾಡು ಎಲ್ಲಿ ನಿಲ್ಲಬೇಕು ಎಂಬ ಮಾತಿನಲ್ಲಿ ಯಂತ್ರಕ್ಕೆ ಯಾವಾಗಲೂ ಪಾಲಿತ್ತು. ಆದರೆ ಆ ಕಾಲದ ಗಾಯಕರಿಗೆ ಯಂತ್ರ ಎದುರಿಗೇ ಇತ್ತು, ಅವರು ಅದರೊಡನೆ ಒಪ್ಪಂದ ಮಾಡಿಕೊಂಡು ಹಾಡಿದರು. ಗಾಯಕ ತೀರಿಹೋದ ಮೇಲೆ, ಅವನ ಅರಿವಿಲ್ಲದೆ ಯಂತ್ರ ಸೇರಿಸುವುದು ಬೇರೆ ಸಂಗತಿ.

*

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮಾವನ ಸಂಗ್ರಹದಲ್ಲಿ ಅಂಗಡಿಯಲ್ಲಿ ಕೊಂಡದ್ದಲ್ಲದ ಒಂದು ಸಿಡಿ ಇದೆ. 1987ರ ಶ್ರಾವಣದಲ್ಲಿ ಹರಿಹರದ ಒಂದು ಮನೆಯ ಅಂಗಳದಲ್ಲಿ ಒಬ್ಬ ಶಾಲಾ ಮೇಷ್ಟ್ರು ವಚನಗಳನ್ನು ಹಾಡಿದ್ದರು. ದೊಡ್ಡ ಹೆಸರಿನವರಲ್ಲ. ಸುತ್ತಮುತ್ತಲ ಊರುಗಳ ಜಾತ್ರೆ, ಪುರಾಣ, ಶ್ರಾವಣದ ಕಾರ್ಯಕ್ರಮಗಳಲ್ಲಿ ಹಾಡಿಕೊಂಡಿದ್ದವರು. ಮಾವ ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅವರ ದನಿಯೆಂದು ಉಳಿದಿರುವುದು ಅದೊಂದೇ. ಟೇಪು ಹಾಳಾದೀತೆಂಬ ಭಯಕ್ಕೆ 2006ರಲ್ಲಿ ದಾವಣಗೆರೆಯ ಒಂದು ಅಂಗಡಿಯಲ್ಲಿ ಕೊಟ್ಟು ಸಿಡಿ ಮಾಡಿಸಿದರು. ಕ್ಯಾಸೆಟ್ಟು ಅಲಮಾರಿನ ತಳ ಸೇರಿತು. ಮನೆಯವರೆಲ್ಲ ಕೇಳಿದ್ದು ಸಿಡಿಯನ್ನು. ನಾನು ಅದರಿಂದ ಎಂಪಿ3 ಮಾಡಿ ಫೋನಿಗೆ ಹಾಕಿಕೊಂಡಿದ್ದೆ.

ಆ ಬದಿಯ ಕೊನೆಯ ಹಾಡು ಅಕ್ಕಮಹಾದೇವಿಯ ಒಂದು ವಚನ. ಕೊನೆಯಲ್ಲಿ, 'ಚೆನ್ನಮಲ್ಲಿಕಾರ್ಜುನ' ಎಂಬ ಅಂಕಿತಕ್ಕೆ ಮೊದಲು, ಮೇಷ್ಟ್ರು ನಿಲ್ಲುತ್ತಾರೆ. ಎಲ್ಲವೂ ನಿಲ್ಲುತ್ತದೆ. ಮೂರು ಸೆಕೆಂಡಿನಷ್ಟು ಪೂರ್ಣ ಮೌನ. ಆಮೇಲೆ ಅಂಕಿತ ಬರುತ್ತದೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. ಎರಡು ವರ್ಷದ ಹಿಂದೆ ದಾವಣಗೆರೆಯ ಒಂದು ವಿಚಾರ ಸಂಕಿರಣದಲ್ಲಿ 'ವಚನ ಗಾಯನದಲ್ಲಿ ಅಂಕಿತದ ಸ್ಥಾನ' ಎಂಬ ಪ್ರಬಂಧ ಓದಿದೆ. ಅದರ ಕೇಂದ್ರದಲ್ಲಿ ಈ ಮೌನವೇ ಇತ್ತು. ಹೆಸರಾಂತ ಗಾಯಕರು ಅಂಕಿತವನ್ನು ತಾನಗಳಿಂದ ಅಲಂಕರಿಸುತ್ತಾರೆ, ಈ ಅನಾಮಿಕ ಮೇಷ್ಟ್ರು ತಂಬೂರಿಯನ್ನೂ ನಿಲ್ಲಿಸಿ ಅದರ ಮುಂದೆ ಬಯಲನ್ನು ಇಡುತ್ತಾರೆ ಎಂದೆ. ಅಲ್ಲಮನ ಶೂನ್ಯವನ್ನೂ ಎಳೆದುತಂದೆ. ಆ ತುಣುಕನ್ನು ಸಭೆಯಲ್ಲಿ ಕೇಳಿಸಿದಾಗ ವಿದ್ಯಾರ್ಥಿಗಳು ಉಸಿರು ಬಿಗಿಹಿಡಿದು ಕೂತಿದ್ದರು. ಚಪ್ಪಾಳೆಯೂ ಬಂತು.

ಈಗ ಮಾವನ ನೋಟ್‌ಬುಕ್ಕಿನಲ್ಲಿ ಆ ಕ್ಯಾಸೆಟ್ಟಿನ ಪುಟ ತೆರೆದರೆ ಹಾಡುಗಳು ಆರು. ಸಿಡಿಯಲ್ಲಿ ಏಳು.

ಏಳನೆಯದು ಬರೀ 41 ಸೆಕೆಂಡಿನದು. ಅದು ಬೇರೆ ಹಾಡಲ್ಲ, ಅಂಕಿತದಿಂದ ಮುಂದಿನ ಭಾಗ. ಅಂಗಡಿಯವರು ಬಳಸಿದ ತಂತ್ರಾಂಶ, ಸದ್ದು ಕಡಿಮೆಯಾದ ಕಡೆಯೆಲ್ಲ ಹಾಡು ಮುಗಿಯಿತೆಂದು ತಿಳಿದು ತಾನೇ ತುಂಡು ಮಾಡುವಂಥದ್ದು. ಅಂಕಿತಕ್ಕೆ ಮೊದಲು ಮೇಷ್ಟ್ರು ಉಸಿರಿಗೆ ನಿಂತದ್ದನ್ನು ಅದು ಹಾಡಿನ ಮುಕ್ತಾಯ ಎಂದುಕೊಂಡಿದೆ. ಖಾಲಿ ಸಿಡಿಗೆ ಒಂದೊಂದೇ ಟ್ರ್ಯಾಕ್ ಆಗಿ ಬರೆಯುವ ವಿಧಾನದಲ್ಲಿ ಪ್ರತಿ ಎರಡು ಟ್ರ್ಯಾಕಿನ ನಡುವೆ ಎರಡು ಸೆಕೆಂಡು, ಅಂದರೆ 150 ಫ್ರೇಮು, ಖಾಲಿ ಜಾಗ ಬೀಳುತ್ತದೆ. ಆ ಖಾಲಿ ಜಾಗವೇ ನನ್ನ ಬಯಲು.

ಅನುಮಾನ ಪರಿಹರಿಸಿಕೊಳ್ಳಲು ಧ್ವನಿಯ ರೇಖೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಕ್ಯಾಸೆಟ್ಟಿನಲ್ಲಿ ಹಿಡಿದ ಮೌನ ಎಂದೂ ಪೂರ್ತಿ ಮೌನವಾಗಿರುವುದಿಲ್ಲ. ಟೇಪಿನ ಹಿಸ್ಸೆನ್ನುವ ಸದ್ದು, ಅಂಗಳದ ಗಾಳಿ, ತಂಬೂರಿಯ ಗುಂಗು ಎಲ್ಲ ಸೇರಿ ರೇಖೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಇಲ್ಲಿ ಎರಡು ಸೆಕೆಂಡಿನಷ್ಟು ರೇಖೆ ದಾರದ ಹಾಗೆ ನೆಟ್ಟಗಿತ್ತು. ಅಳತೆಗಳನ್ನು ತೆರೆದು ನೋಡಿದರೆ ಸಾಲಾಗಿ ಸೊನ್ನೆ, ಸೊನ್ನೆ, ಸೊನ್ನೆ. ಯಾವ ಅಂಗಳದಲ್ಲೂ ಇಂಥ ಮೌನ ಇರುವುದು ಸಾಧ್ಯವಿಲ್ಲ. ಪ್ರಬಂಧದಲ್ಲಿ "ತಂಬೂರಿಯನ್ನೂ ನಿಲ್ಲಿಸಿ" ಎಂದು ಬರೆದ ನಾನು, ಹಾಡುವವರು ನಿಂತರೂ ತಂಬೂರಿ ಹಿಡಿದವರು ಯಾಕೆ ನಿಲ್ಲಿಸುತ್ತಾರೆ, ಟೇಪಿನ ಸದ್ದಾದರೂ ಯಾಕೆ ನಿಲ್ಲುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅರ್ಥ ಹಚ್ಚುವ ಆತುರ ಕಿವಿಯನ್ನು ಮುಚ್ಚಿಸಿತ್ತು.

*

ಅಂಗಡಿಯವರನ್ನು ಬೈದು ಲೇಖನ ಮುಗಿಸಬಹುದಿತ್ತು. ಆದರೆ ಮಾವನ ನೋಟ್‌ಬುಕ್ಕಿನ ಅವಧಿಗಳೂ ಹೊಂದುತ್ತಿರಲಿಲ್ಲ.

ಮೊದಲ ಹಾಡು ನೋಟ್‌ಬುಕ್ಕಿನಲ್ಲಿ 6:48, ನನ್ನ ಕಡತದಲ್ಲಿ 6:42. ಮೂರನೆಯದು ನೋಟ್‌ಬುಕ್ಕಿನಲ್ಲಿ 9:21, ಕಡತದಲ್ಲಿ 9:12. ಕೊನೆಯ ವಚನ ಅವರಲ್ಲಿ 7:39. ನನ್ನಲ್ಲಿ ಎರಡು ತುಂಡೂ ಸೇರಿ 7:32. ಇಡೀ ಬದಿ ಅವರಲ್ಲಿ 44:10, ಸಿಡಿಯಲ್ಲಿ 43:29. ಏಳು ಟ್ರ್ಯಾಕುಗಳ ನಡುವಿನ ಆರು ಬಿಡುವುಗಳ 12 ಸೆಕೆಂಡು ಕಳೆದರೆ 43:17. ಕತ್ತರಿ ಬಿದ್ದಿದ್ದರೆ ಒಂದು ಹಾಡಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ವ್ಯತ್ಯಾಸ ಇರಬೇಕಿತ್ತು. ಇಲ್ಲಿ ಬಿಡುವು ಕಳೆದ ಮೇಲೆ ಎಲ್ಲ ಹಾಡುಗಳಲ್ಲೂ ವ್ಯತ್ಯಾಸ ಶೇಕಡಾ ಎರಡು. ಅಂದರೆ ಟೇಪು ಓಡಿದ ವೇಗವೇ ಬೇರೆ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮಾವನ ಪ್ಲೇಯರು ನಿಧಾನವಾಗಿ ಓಡಿತೋ, ಅಂಗಡಿಯದು ಜೋರಾಗಿ ಓಡಿತೋ?

ಟೇಪಿನಲ್ಲಿ ವೇಗ ಬದಲಾದರೆ ಅವಧಿಯ ಜೊತೆಗೆ ಶ್ರುತಿಯೂ ಬದಲಾಗುತ್ತದೆ. ಶೇಕಡಾ ಆರರಷ್ಟು ವೇಗ ಹೆಚ್ಚಿದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋದಂತೆ. ಶೇಕಡಾ ಎರಡಕ್ಕೆ ಮೂರನೇ ಒಂದು ಮನೆ. ಪ್ರಕರಣಕ್ಕೆ ಸಾಕ್ಷಿ ಬೇಕಿತ್ತು. "ಮೇಷ್ಟ್ರ ಪೆಟ್ಟಿಗೆ ಅವರ ಮಗಳ ಮನೇಲೈತೆ, ನಡಿ ಹೋಗನ" ಎಂದರು ಮಾವ.

ಮೇಷ್ಟ್ರ ಮಗಳು ಹೊಳೆಯ ಕಡೆಯ ಓಣಿಯಲ್ಲಿದ್ದಾರೆ. ನಾವು ಹೋದ ಕಾರಣ ಕೇಳಿ ನಕ್ಕರು. "ಅಪ್ಪ ಹೋದ ಮ್ಯಾಲೆ ಯಾರೂ ಮುಟ್ಟಿಲ್ಲ" ಎನ್ನುತ್ತ ಹಾರ್ಮೋನಿಯಂ ಇಳಿಸಿದರು. ತಿದಿಯಿಂದ ಸ್ವಲ್ಪ ಗಾಳಿ ಸೋರುತ್ತಿತ್ತು, ರೀಡುಗಳು ನುಡಿದವು. ಮೇಷ್ಟ್ರು ಷಡ್ಜ ಮಾಡಿಕೊಳ್ಳುತ್ತಿದ್ದ ಕಪ್ಪು ಮನೆಯನ್ನು ಒತ್ತಿ ಫೋನಿನಲ್ಲಿ ಹಿಡಿದುಕೊಂಡು, ಧ್ವನಿಮುದ್ರಣದಲ್ಲಿ ಅದೇ ಸ್ವರ ಬರುವ ಜಾಗಕ್ಕೆ ಹೋಲಿಸಿದೆ. ಸಿಡಿಯ ಶ್ರುತಿ ಅದಕ್ಕೆ ಕೂದಲೆಳೆಯಷ್ಟು ಹತ್ತಿರ ಇತ್ತು. ಮಾವನ ನೋಟ್‌ಬುಕ್ಕಿನ ವೇಗಕ್ಕೆ ಇಳಿಸಿದರೆ ಸ್ವರ ಸ್ಪಷ್ಟವಾಗಿ ತಗ್ಗುತ್ತಿತ್ತು. ಇಷ್ಟು ವರ್ಷದಲ್ಲಿ ರೀಡು ತುಸು ಇಳಿದಿದ್ದರೂ ತೀರ್ಪು ಬದಲಾಗುವುದಿಲ್ಲ. ಹಾಗಿದ್ದರೆ ಅಂದಿನ ಸ್ವರ ಇನ್ನೂ ಮೇಲಿದ್ದಿರಬೇಕು.

"ಬೆಲ್ಟು" ಎಂದರು ಮಾವ. "ನನ್ನ ಪ್ಲೇಯರ್ದು ಬೆಲ್ಟು ಸಡ್ಲಾಗಿತ್ತು." ಮೂವತ್ತೇಳು ವರ್ಷ ತಾವು ಬರೆದದ್ದು ಸರಿ ಎಂದು ನಂಬಿದ್ದ ಮನುಷ್ಯ ಅಷ್ಟು ಸಲೀಸಾಗಿ ಒಪ್ಪಿದರು. ನನಗೆ ನನ್ನ ಪ್ರಬಂಧದ ತಪ್ಪು ಒಪ್ಪಲು ಎರಡು ವಾರ ಹಿಡಿದಿತ್ತು.

ಹಾಡುಗಳ ಸಂಖ್ಯೆಯಲ್ಲಿ ನೋಟ್‌ಬುಕ್ಕು ಸರಿ, ವೇಗದಲ್ಲಿ ಸಿಡಿ ಸರಿ. ಎರಡರಲ್ಲಿ ಯಾವುದೂ ಪೂರ್ತಿ ನಂಬತಕ್ಕ ಪ್ರತಿಯಲ್ಲ, ಯಾವುದೂ ಪೂರ್ತಿ ಕೆಟ್ಟದ್ದೂ ಅಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಮ್ಮ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ವಿಷಯ, ಒಂದು ಸಡಿಲ ಬೆಲ್ಟಿನಿಂದ ನನಗೆ ಅರ್ಥವಾಯಿತು.

ಲ್ಯಾಪ್‌ಟಾಪು ತೆರೆದೇ ಇತ್ತು. ಸೊನ್ನೆಗಳನ್ನು ತೆಗೆದು ಎರಡು ತುಂಡನ್ನು ಕೂಡಿಸಿದ ಪಾಠವನ್ನು ಆ ಅಕ್ಕನಿಗೆ ಕೇಳಿಸಿದೆ. ಈಗ ಅಂಕಿತಕ್ಕೆ ಮೊದಲಿನ ಬಿಡುವು ಒಂದು ಸೆಕೆಂಡಿನದು. ತಂಬೂರಿ ಹರಿಯುತ್ತಲೇ ಇರುತ್ತದೆ, ಅದರೊಳಗೆ ಯಾರೋ ಮೆಲ್ಲಗೆ ಕೆಮ್ಮುತ್ತಾರೆ, ಆಮೇಲೆ ಅಂಕಿತ. ಸಿಡಿಯಲ್ಲಿ ತಂತ್ರಾಂಶ ಕತ್ತರಿಸಿದ್ದು ಸರಿಯಾಗಿ ಆ ಕೆಮ್ಮಿನ ಮೇಲೆಯೇ. ಅರ್ಧ ಆಚೆ, ಅರ್ಧ ಈಚೆ ಬಿದ್ದು, ಇಷ್ಟು ವರ್ಷ ಅದು ಬರೀ 'ಟಕ್' ಎಂಬ ಸದ್ದಾಗಿತ್ತು.

ಆಕೆ ಇನ್ನೊಂದು ಸಲ ಹಾಕಲು ಹೇಳಿದರು. ಕೇಳಿ, "ಅದು ನಮ್ಮವ್ವ" ಎಂದರು. "ಹಿಂದೆ ತಂಬೂರಿ ಹಿಡ್ಕೊಂಡು ಕೂತಿರ್ತಿದ್ಲು. ಶ್ರಾವಣದಾಗೆ ಯಾವಾಗ್ಲೂ ಕೆಮ್ಮು."

*

ಇದರಿಂದ ನನ್ನ ವಿಮರ್ಶೆಗೆ ಏನಾಯಿತು ಎಂದು ಹೇಳಬೇಕು. ಮೇಷ್ಟ್ರು ಅಂಕಿತದ ಮುಂದೆ ಶೂನ್ಯ ಇಟ್ಟರು ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಅವರು ಉಸಿರಿಗೆ ನಿಂತರು, ಶ್ರುತಿ ನಿಲ್ಲಲಿಲ್ಲ. ಅಂಕಿತ ಬರುವುದು ಆ ಶ್ರುತಿಯ ಒಳಗಿಂದ, ಹೆಂಡತಿ ಹಿಡಿದಿದ್ದ ತಂಬೂರಿಯ ಆಸರೆಯಲ್ಲಿ. ಈಗ ಕೇಳಿದರೆ ಮೈ ಜುಮ್ಮೆನ್ನುವುದಿಲ್ಲ. ಹಿಂದಿನ ನಾಟಕೀಯತೆ ಅದರಲ್ಲಿಲ್ಲ. ಆದರೆ ಅಂಕಿತ ಹಿಂದಿನ ಸಾಲಿಗೆ ಅಂಟಿಕೊಂಡು, ಮಾತಿನ ಮುಂದುವರಿಕೆಯಾಗಿ ಬರುತ್ತದೆ. ವಚನ ಎಂದರೆ ಮಾತು ಎಂಬುದಕ್ಕೆ ಇದೇ ಹೆಚ್ಚು ಹತ್ತಿರದ ಗಾಯನ ಎಂದು ಈಗ ನನಗೆ ಅನ್ನಿಸುತ್ತದೆ. ನಾನು ಹೊಗಳಿದ ಮೌನಕ್ಕಿಂತ ಅವರು ಹಾಡಿದ ಮೌನ ದೊಡ್ಡದು.

ಸಂಗೀತದ ಬಗ್ಗೆ ಬರೆಯುವ ವಿದ್ಯಾರ್ಥಿಗಳಿಗೆ ಎರಡು ಮಾತು. "3:12ರ ಹೊತ್ತಿಗೆ ಗಾಯಕಿ ತಾರಕ್ಕೆ ಏರುತ್ತಾರೆ" ಎಂದು ಈಗ ನಾವೆಲ್ಲ ಸಲೀಸಾಗಿ ಬರೆಯುತ್ತೇವೆ. ಯಾವ ಪ್ರತಿಯ 3:12? ಸಿಡಿಯದೋ, ಎಂಪಿ3ಯದೋ, ಯಾರೋ ಎಲ್‌ಪಿಯಿಂದ ಇಳಿಸಿ ಯೂಟ್ಯೂಬಿಗೆ ಏರಿಸಿದ್ದೋ? ಪಂಪಭಾರತದ ಪದ್ಯ ಎತ್ತಿಕೊಂಡರೆ ಯಾರ ಆವೃತ್ತಿ ಎಂದು ಹೇಳುತ್ತೇವೆ. ಹಾಡಿಗೂ ಅಷ್ಟು ಮರ್ಯಾದೆ ಸಲ್ಲಬೇಕು. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಅವಧಿ ಬೇರೆಯಿದ್ದರೆ ಹೋಲಿಸಿ ನೋಡಿ. ವ್ಯತ್ಯಾಸ ಒಂದೆರಡು ಸೆಕೆಂಡಿನದಾಗಿ ಕೊನೆಯಲ್ಲಷ್ಟೇ ಇದ್ದರೆ ಬಹುಪಾಲು ಖಾಲಿ ಪುಟದ ಲೆಕ್ಕ. ಹಾಡಿನುದ್ದಕ್ಕೂ ಒಂದೇ ಪ್ರಮಾಣದಲ್ಲಿ ಹರಡಿದ್ದರೆ ವೇಗ ಬೇರೆ, ಶ್ರುತಿ ಪರೀಕ್ಷಿಸಬೇಕು. ನಡುವೆ ಎಲ್ಲೋ ಒಂದು ಕಡೆ ಇದ್ದರೆ ಅಲ್ಲಿ ಯಾರದೋ ಕತ್ತರಿ ಅಥವಾ ಯಾರದೋ ಸೇರ್ಪಡೆ ಇದೆ. ಮೌನದ ಬಗ್ಗೆ ಬರೆಯುವ ಮೊದಲು ಆ ಮೌನದಲ್ಲಿ ಏನಾದರೂ ಕೇಳಿಸುತ್ತದೆಯೇ ಎಂದು ಗಮನಿಸಿ.

ಮನೆಯಲ್ಲಿ ಸಿಡಿಗಳಿದ್ದರೆ, ಇಡೀ ಸಿಡಿಯನ್ನು ಒಂದೇ ಫ್ಲ್ಯಾಕ್ ಕಡತವಾಗಿ ಇಳಿಸಿ, ಯಾವ ಹಾಡು ಎಷ್ಟನೇ ಫ್ರೇಮಿಗೆ ಶುರು ಎಂಬ ಪಟ್ಟಿಯನ್ನು ಜೊತೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಖಾಲಿ ಪುಟಗಳೂ ತಮ್ಮ ಜಾಗದಲ್ಲೇ ಉಳಿಯುತ್ತವೆ. ಇಳಿಸಿ ಆಯಿತೆಂದು ಸಿಡಿಯನ್ನೋ ಕ್ಯಾಸೆಟ್ಟನ್ನೋ ಎಸೆಯಬೇಡಿ.

ಮನೆಗೆ ಮರಳಿದ ಮೇಲೆ ಮಾವನ ಪೆನ್‌ಡ್ರೈವಿಗೆ ಹೊಸ ಪಾಠ ಹಾಕಿ, ಹಳೆಯದನ್ನು ಅಳಿಸಲು ಹೊರಟೆ. ಮಾವ ಕೈ ಹಿಡಿದರು.

"ಅದೂ ಇರ್ಲಿ ಬಿಡಪ್ಪ. ಹದಿನೆಂಟು ವರ್ಷ ಕೇಳೀನಿ ಅದನ್ನ."

"ಅದು ತಪ್ಪು ಪಾಠ ಮಾವ."

"ತಪ್ಪು ಅಂತ ಬರೆದು ಇಡು. ನಿಮ್ಮ ಪುಸ್ತಕದಾಗೆ ಕೆಳಗಡೆ ಸಣ್ಣಕ್ಷರದಾಗೆ ಬರೀತಾರಲ್ಲ, ಹಂಗೆ."

ಹಾಗೆಯೇ ಇಟ್ಟೆ. ಮಾವ ನೋಟ್‌ಬುಕ್ ತೆರೆದು, 7:39ರ ಮೇಲೆ ಒಂದು ಗೆರೆ ಎಳೆದು, ಹಳೆಯ ಅಂಕಿ ಓದುವಂತೆ ಬಿಟ್ಟು, ಪಕ್ಕದಲ್ಲಿ 7:30 ಎಂದು ಬರೆದರು. ಅದರ ಮುಂದೆ ಪ್ಲಸ್ಸು ಮೈನಸ್ಸಿನ ಗುರುತು ಹಾಕಿ, ಸ್ವಲ್ಪ ಹೊತ್ತು ಯೋಚಿಸಿ, 'ಒಂದು' ಎಂದು ಸೇರಿಸಿದರು. ಅತ್ತೆ ಅಡಿಗೆಮನೆಯಿಂದ, "ಗುಜರಿಯವನು ನಾಳೆ ಬರ್ತಾನಂತೆ, ಡಬ್ಬಿಗಳನ್ನ ಕೊಡೋದೋ ಬ್ಯಾಡವೋ?" ಎಂದು ಕೇಳಿದರು. ಮಾವ ನನ್ನ ಮುಖ ನೋಡಿದರು. ಬೇಡ ಅತ್ತೆ ಎಂದೆ. ಅಲಮಾರು ಹಾಗೆಯೇ ಇದೆ.